ಅಂಚಿನ ಹೆಸರು

ಬೇರೆ ವಕೀಲರು ಕೋರ್ಟಿನಿಂದ ಫೀಜು ತರುತ್ತಾರೆ, ನಮ್ಮನೆಯವರು ಪದಕ ತರುತ್ತಿದ್ದರು. ಯಾವುದೋ ವಾಡೆಯ ಅಣ್ಣತಮ್ಮಂದಿರು ಪಾಲು ಹಂಚಿಕೊಳ್ಳುವಾಗ, ಅಜ್ಜನ ಎದೆಯ ಮೇಲಿದ್ದ ಪದಕ ಯಾರಿಗೂ ಬೇಡವಾಯಿತೋ, ಅದು ನೆಟ್ಟಗೆ ಕೇಶ್ವಾಪುರದ ನಮ್ಮ ಮನೆಗೆ ಬರಬೇಕು. ಕಾಬೂಲಿನ ಲಡಾಯಿಯದು, ಬರ್ಮಾದ್ದು, ಯಾವನೋ ರಾಜ ತನ್ನ ದಿವಾನನಿಗೆ ಕೊಟ್ಟ ಬೆಳ್ಳಿಯ ನಕ್ಷತ್ರ, ಎಲ್ಲವೂ ಗಾಜಿನ ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಮಲಗಿದ್ದವು. ಒಂದಿಷ್ಟು ಬೆಳಗಿಕೊಡುತ್ತೇನೆ ಅಂದರೆ ನನ್ನ ಮೇಲೆ ಹರಿಹಾಯುತ್ತಿದ್ದರು. ಹಳೆಯ ಪದಕ ತಿಕ್ಕಬಾರದಂತೆ, ತಿಕ್ಕಿದರೆ ಕಿಮ್ಮತ್ತು ಹೋಗುತ್ತದಂತೆ. ನನ್ನ ಅಡುಗೆಮನೆಯ ತಂಬಿಗೆಗೆ ಮಾತ್ರ ಆ ನಿಯಮವಿರಲಿಲ್ಲ.

ದಸರೆಯ ಖಂಡೇನವಮಿಗೆ ಊರೆಲ್ಲ ಕತ್ತಿ, ಕುಡಗೋಲು, ತಕ್ಕಡಿ ಪೂಜಿಸಿದರೆ ನಮ್ಮನೆಯವರು, ವಕೀಲ ತ್ರ್ಯಂಬಕರಾಯರು, ಈ ಪೆಟ್ಟಿಗೆ ಪೂಜಿಸಿ, ನೋಡಲು ಮಂದಿಯನ್ನು ಕರೆಯುತ್ತಿದ್ದರು. ಪದಕ ಕೂಡಿಸುವುದರಲ್ಲಿ ಇವರಿಗಿಂತ ಹೆಸರಾದವರು ಬೆಳಗಾವಿಯ ಪಂಢರಿನಾಥರಾಯರು. ಅವರು ಹಿಂದಿನ ಹಬ್ಬಕ್ಕೆ ಬಂದವರು, "ಎಲ್ಲಾ ಅದ ವಕೀಲರ, ನಿಮ್ಮ ಸೀಮಿಯ ಒಬ್ಬ ಸಿಪಾಯಿದು ಮಾತ್ರ ಇಲ್ಲ" ಎಂದು ಚುಚ್ಚಿ ಹೋದರು. ಆ ಮಾತು ಇವರಿಗೆ ನಾಟಿತು. ಪೆಟ್ಟಿಗೆಯ ನಟ್ಟನಡುವೆ ಜಾಗ ಬಿಟ್ಟು ವರ್ಷವೆಲ್ಲ ಹುಡುಕಿದರು.

೧೯೩೬ರ ದಸರೆ ಹತ್ತಿರ ಬಂದಿತ್ತು. ಉಣಕಲ್ಲಿನಿಂದ ನಮಗೆ ಬೆಣ್ಣೆ ತರುವ ಮಾಳವ್ವ ಹಿತ್ತಲ ಬಾಗಿಲಲ್ಲಿ ನಿಂತು, ಹಬ್ಬಕ್ಕೆ ಗಾಜು ಒರೆಸಲೆಂದು ಅಲ್ಲಿ ತಂದಿಟ್ಟಿದ್ದ ಪೆಟ್ಟಿಗೆಯನ್ನು ದಿಟ್ಟಿಸಿದಳು.

"ಇಂಥಾದೊಂದು ನಮ್ಮ ದೇವರ ಜಗಲಿ ಮ್ಯಾಲೂ ಐತ್ರಿ ಅವ್ವಾರ. ನನ್ನ ಮಗ ಗುರುಶಿದ್ದಪ್ಪಂದು. ಇಪ್ಪತ್ತ ವರ್ಷದ ಹಿಂದ ದೊಡ್ಡ ಲಡಾಯ್ಯಾಗ ಬಸ್ರಾಕ್ಕ ಹ್ವಾದಾಂವ, ಅಲ್ಲೇ ಬಿದ್ದಾನ್ರಿ."

ಇವರು ಉಣ್ಣುತ್ತಿದ್ದ ಎಲೆ ಬಿಟ್ಟು ಎದ್ದರು. ಟಾಂಗಾ ತರಿಸಿ, ಮಾಳವ್ವನನ್ನೂ ನನ್ನನ್ನೂ ಕೂಡಿಸಿಕೊಂಡು ಉಣಕಲ್ಲಿಗೆ ಹೊಡೆಸಿದರು.

ಜಗಲಿಯ ಮೇಲೆ ದೇವರ ಸಾಲಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಕುಳಿತಿತ್ತು ಆ ಬೆಳ್ಳಿಯ ಪದಕ. ಕೈಗೆ ತೆಗೆದುಕೊಂಡ ಇವರ ಮುಖ ಸಪ್ಪಗಾಯಿತು. ಅದರ ಮೇಲೆ ಅಚ್ಚೊತ್ತಿದ್ದ ರಾಜನ ಕಣ್ಣು, ಮೂಗು, ಮೀಸೆ ಒಂದೂ ಉಳಿದಿರಲಿಲ್ಲ.

"ಮಾಳವ್ವಾ, ಇದನ್ನ ತಿಕ್ಕೀಯೇನು?"

"ಸ್ವಾಮಾರಕ್ಕೊಮ್ಮೆ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕತೇನ್ರಿ. ದೇವರ ಜೋಡಿ ಕುಂತಾನ, ಹೊಲಸ ಇಡಾಕ ಬರತೈತೇನು?"

"ರಾಜನ ಮಾರೀನ ಅಳಿಸಿಹೋಗೇದಲ್ಲ!"

"ಅವನ ಮಾರಿ ತೊಗೊಂಡು ನಾ ಏನ ಮಾಡ್ಲಿರಿ? ಅಂಚು ನೋಡ್ರಿ. ಅಲ್ಲಿ ನನ್ನ ಮಗನ ಹೆಸರೈತಿ ಅಂತ ಟಪಾಲಿನಾಂವ ತೋರ್ಸಿದ್ದ. ಅಲ್ಲಿ ಒಮ್ಮೀನೂ ಬೂದಿ ಮುಟ್ಟಿಸಿಲ್ಲ. ಸೆರಗಿಲೆ ಒರಸತೇನಿ, ಅಷ್ಟ."

ಇವರು ಅಂಚನ್ನು ಬೆಳಕಿಗೆ ಹಿಡಿದರು. ಒಂದು ಅಕ್ಷರವೂ ಸವೆದಿರಲಿಲ್ಲ. "ಸಿಪಾಯಿ ಗುರುಶಿದ್ದಪ್ಪ, ಮರಾಠಾ ಪಲ್ಟನ್" ಎಂದು ಓದಿದರು.

"ಇನ್ನೊಮ್ಮೆ ಓದ್ರಿ, ರಾಯರ."

ಇವರು ಕೋರ್ಟಿನ ಗಂಟಲು ತೆಗೆದು ಓಣಿಗೆಲ್ಲ ಕೇಳುವಂತೆ ಓದಿದರು. ಮಾಳವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. ನನ್ನ ಕಣ್ಣು ತುಂಬಿದವು.

"ನನ್ನ ಪೆಟ್ಟಿಗಿಗೆ ಕೊಡು, ಮಾಳವ್ವಾ. ನಟ್ಟ ನಡುವ ಇಡ್ತೇನಿ. ದೊಡ್ಡ ದೊಡ್ಡ ಮಂದಿ ನೋಡ್ತಾರ" ಎಂದರು ಇವರು.

ಅವಳು ಕೈ ಚಾಚಿ ಪದಕ ಇಸಿದುಕೊಂಡಳು. "ಒಮ್ಮೆ ಮಗನ್ನ ಕೊಡು ಅಂದ್ರು, ಕೊಟ್ಟೆ. ಇನ್ನೊಮ್ಮೆ ಕೊಡಾಂಗಿಲ್ರಿ."

ಟಾಂಗಾ ಹತ್ತುವಾಗ ಇವರು, ಖಂಡೇನವಮಿಯ ಪೂಜೆಗಾದರೂ ಬಾ ಎಂದು ಅವಳನ್ನು ಕರೆದರು.

ಖಂಡೇನವಮಿಯ ದಿನ ಪಂಢರಿನಾಥರಾಯರು ಮಂದಿಯ ನಡುವೆ ಕುಳಿತು, "ಇನ್ನೂ ಖಾಲೀನ ಅದ ಏನ್ರಿ?" ಎಂದು ನಕ್ಕರು. ಇವರು ತಲೆ ತಗ್ಗಿಸಿದರು. ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಮಾಳವ್ವ ಬಂದಳು, ಅದೂ ಮುಂಬಾಗಿಲಿನಿಂದ. ಇಳಕಲ್ ಸೀರೆ ಉಟ್ಟು, ಕೊರಳಲ್ಲಿ ಕರಿದಾರಕ್ಕೆ ಪದಕ ಕಟ್ಟಿಕೊಂಡಿದ್ದಳು. ಯಾರನ್ನೂ ಕೇಳದೆ ಅದನ್ನು ಬಿಚ್ಚಿ ಆ ಖಾಲಿ ಜಾಗದಲ್ಲಿ ಇಟ್ಟಳು.

"ಹಬ್ಬಕ್ಕ ಕರದಾರಂತ ಬಂದಾನ್ರಿ. ಪೂಜಿ ಆದ ಮ್ಯಾಲೆ ಕರಕೊಂಡ ಹೋಗ್ತೇನಿ."

ಪಂಢರಿನಾಥರಾಯರು ಭೂತಗನ್ನಡಿ ಹಿಡಿದು ಬಾಗಿದರು. "ಏನಿದು? ತಿಕ್ಕಿ ತಿಕ್ಕಿ ಹಾಳು ಮಾಡ್ಯಾರ. ರಾಜನ ಮಾರೀನ ಇಲ್ಲ. ಇದು ಸಂಗ್ರಹಕ್ಕ ಬರೂದಲ್ಲ, ವಕೀಲರ."

ಅವರ ಮಾತಿಗೆ ಇವರು ಎಂದೂ ಎದುರಾಡಿದವರಲ್ಲ. ಆವತ್ತು ತಲೆ ಎತ್ತಿದರು.

"ಖರೇ, ರಾಯರ. ಇದು ಸಂಗ್ರಹದ್ದಲ್ಲ. ಉಳದವಕ್ಕೆಲ್ಲಾ ರಾಜರ ಮಾರಿ ಅದ, ಹೋಗಲಿಕ್ಕೆ ಮನಿ ಇಲ್ಲ. ಇದಕ್ಕ ಮನಿ ಅದ, ತಾಯಿ ಇದ್ದಾಳ." ಆಮೇಲೆ ನನ್ನ ಕಡೆ ತಿರುಗಿ, "ಮಂದಾಕಿನಿ, ಆರತಿ ತಾ. ಮೊದಲಿನ ಆರತಿ ಮಾಳವ್ವನ ಕೈಲೆ ಆಗ್ಲಿ" ಎಂದರು.

ಇಂಥ ಗಂಡನ ಕೈ ಹಿಡಿದೆನಲ್ಲ ಎಂದು ನನಗೆ ಎದೆ ತುಂಬಿಬಂತು. ಬೆಣ್ಣೆ ಮಾರುವವಳ ಕೈಗೆ ಆರತಿಯೇ ಎಂದು ಗುಸುಗುಸು ಶುರುವಾಯಿತು. ನಾನು ತಟ್ಟೆ ತಂದು ಅವಳ ಕೈಯಲ್ಲೇ ಇಟ್ಟೆ. ಮಾಳವ್ವ ಆರತಿ ಬೆಳಗಿ, ಪದಕವನ್ನು ಮತ್ತೆ ಕೊರಳಿಗೆ ಕಟ್ಟಿಕೊಂಡು ಮುಂಬಾಗಿಲಿನಿಂದಲೇ ಹೊರಟಳು. ಇವರು ಅಂಗಳದವರೆಗೆ ಹೋಗಿ ಕಳಿಸಿಬಂದರು.

ಆ ಜಾಗವನ್ನು ಇವರು ಮತ್ತೆ ತುಂಬಲಿಲ್ಲ. ನಡುವೆ ಯಾಕೆ ಖಾಲಿ ಎಂದು ಯಾರಾದರೂ ಕೇಳಿದರೆ ಎದೆಯುಬ್ಬಿಸಿ ಹೇಳುತ್ತಿದ್ದರು: "ಖಾಲಿ ಅಲ್ರಿ. ಅದು ಸಿಪಾಯಿ ಗುರುಶಿದ್ದಪ್ಪನ ಜಾಗಾ. ಅವ್ವನ ಜೋಡಿ ಮನಿಗೆ ಹೋಗ್ಯಾನ, ಹಬ್ಬಕ್ಕ ಬರ್ತಾನ."