ಆನ್ಸೆಲ್ಮನ ವಿನೆಗರ್

ಎಲಿಜಬೆತ್ ಸ್ಟೂಲು ಹತ್ತಿ, ಒಲೆಯ ಮೇಲಿನ ಕಪಾಟಿನೊಳಗೆ ಭುಜದವರೆಗೂ ಕೈ ತೂರಿಸಿ ತಡಕಾಡುತ್ತಿದ್ದಳು. ಗಂಡ ಆನ್ಸೆಲ್ಮನ ಶವಪೆಟ್ಟಿಗೆ ಪ್ರಾರ್ಥನೆ ಮುಗಿಸಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಿಯಾಗಿತ್ತು. ಸಂಜೆ ಅದರ ಜೊತೆ ಅವಳೂ ಮಂಗಳೂರಿಗೆ ಹೊರಡಬೇಕು. ಹೊರಗೆ ಊಟಕ್ಕೆ ಕೂತ ಜನ ಎಷ್ಟೆಂದರೆ, ದೋಹಾದ ಇಡೀ ಮದೀನತ್ ಖಲೀಫಾ ಬಡಾವಣೆಯೇ ಆ ಫ್ಲ್ಯಾಟಿಗೆ ಮಗುಚಿಬಿದ್ದಂತಿತ್ತು.

"ಸಿಕ್ಕಿತಾ ಆಂಟಿ?" ಬಾಗಿಲಲ್ಲಿ ಲೆಸ್ಲಿ ಪಿಸುಗುಟ್ಟಿದ. ವೆಸ್ಟ್ ಬೇಯ ಹೋಟೆಲಿನಲ್ಲಿ ವೈನ್ ಬಡಿಸುವವನು. ಮೂಸಿಯೇ ದ್ರಾಕ್ಷಿ ಬೆಳೆದವನ ಹೆಂಡತಿಯ ಹೆಸರು ಹೇಳಬಲ್ಲ.

"ಆ ಬಾಟಲಿ ಹನ್ನೆರಡು ವರ್ಷ ಇಲ್ಲೇ ಇತ್ತು ಮಾರಾಯ."

"ಇಲ್ಲಿ ನಮ್ಮಂಥವರು ಅದನ್ನು ಮಾರಲಿಕ್ಕೆ ಮಾಫಿ, ಇಲ್ಲವೇ ಇಲ್ಲ. ಪೊಲೀಸರಿಗೆ ಗೊತ್ತಾದ್ರೆ ಖಲಾಸ್."

"ಮಾರುವುದು ಹಾಳಾಗ್ಲಿ. ನಮ್ಮವರು ಹೇಳಿದ್ದು ಸುಳ್ಳಲ್ಲ ಅಂತ ನೀನೊಮ್ಮೆ ನೋಡಿ ಹೇಳು, ಸಾಕು."

ಹೊರಗೆ ಯಾರೋ "ಬಂಗಲೆ" ಎಂದರು. ಯಾರೋ ನಗು ನುಂಗಿದರು.

*

ಆನ್ಸೆಲ್ಮ್, ರಾಸ್ ಲಫಾನಿನ ಗ್ಯಾಸ್ ಸ್ಥಾವರದಲ್ಲಿ ಗೇಟ್ ಪಾಸ್ ಬರೆಯುವ ಗುಮಾಸ್ತ. ಅವನ ಸಹಿಯಿಲ್ಲದೆ ಸಮುದ್ರದ ಗಾಳಿಯೂ ಒಳಗೆ ಬರುತ್ತಿರಲಿಲ್ಲ. ಇದರಲ್ಲಿ ಕೂದಲೆಳೆಯಷ್ಟೂ ಉತ್ಪ್ರೇಕ್ಷೆಯಿಲ್ಲ. ಹನ್ನೆರಡು ವರ್ಷದ ಹಿಂದೆ ಫ್ರಾನ್ಸಿನ ಎಂಜಿನಿಯರೊಬ್ಬ ಊರಿಗೆ ಹೊರಟಾಗ ಆನ್ಸೆಲ್ಮನ ಕೈಗೊಂದು ವೈನ್ ಬಾಟಲಿ ಕೊಟ್ಟ. ಸಾವಿರದ ಒಂಬೈನೂರ ಎಂಬತ್ತಾರರದು, ಇವರ ಮದುವೆಯ ವರ್ಷದ್ದು.

"ಎಲ್ಜಿ, ಇದನ್ನು ಮಾರಿದರೆ ಮಂಗಳೂರಿನ ಕುಲಶೇಖರದಲ್ಲಿ ಬಂಗಲೆ," ಎಂದ ಹೆಂಡತಿಗೆ.

ಯಾರ ಕಣ್ಣೂ ಬೀಳದಿರಲೆಂದು ಅಂದೇ ಅದರ ಮೇಲೊಂದು ವಿನೆಗರ್ ಚೀಟಿ ಅಂಟಿಸಿದ. ಆಮೇಲೆ ಕಂಡಕಂಡವರಿಗೆಲ್ಲ ತಾನೇ ಹೇಳಿಕೊಂಡು ಬಂದ. ವರ್ಷಕ್ಕೊಂದು ಮಹಡಿಯಂತೆ ಬಂಗಲೆ ಬೆಳೆದು, ಕೊನೆಗೆ ಅದರ ತಾರಸಿಯಿಂದ ದೋಹಾ ಕಾಣಿಸತೊಡಗಿತು. "ತೋರಿಸು" ಎಂದರೆ ಮಾತ್ರ ತೋರಿಸುತ್ತಿರಲಿಲ್ಲ.

ಹೋದ ವಾರವಷ್ಟೇ ಲೆಸ್ಲಿಗೆ ಹೇಳಿದ್ದ: "ಶುಕ್ರವಾರ ಬಾ. ನೀನೊಬ್ಬ ನೋಡು."

ಇಂದು ಶುಕ್ರವಾರ.

*

"ಎಂತ ಹುಡುಕ್ತೀ ಮಾರಾಯ್ತಿ?" ಬೆಳಗಿನಿಂದ ಅಡುಗೆಮನೆ ವಹಿಸಿಕೊಂಡಿದ್ದ ನೆರೆಮನೆಯ ಜರ್ಟ್ರೂಡ್ ಖಾಲಿ ಪಾತ್ರೆ ಹಿಡಿದು ಒಳಬಂದಳು. "ವಿನೆಗರಾ? ಮಾಂಸದ ಇಂದಾದಿಗೆ ಹಾಕಿ ಮುಗೀತು. ಮುಚ್ಚಳ ತೆಗೀಲಿಕ್ಕೆ ಪ್ರಾಣ ಹೋಯ್ತು. ವಿನೆಗರಿಗೆ ಯಾರಾದ್ರೂ ಕಾರ್ಕ್ ಹಾಕ್ತಾರಾ?"

ಎಲಿಜಬೆತ್ ಸ್ಟೂಲಿನ ಮೇಲೆಯೇ ಕೂತುಬಿಟ್ಟಳು. ಲೆಸ್ಲಿ ಕಸದ ಬುಟ್ಟಿಯಿಂದ ಬಾಟಲಿ ಎತ್ತಿ ಮೂಸಿದ. ಮತ್ತೆ ಮೂಸಿದ.

"ಆಂಟಿ, ಇದು ವಿನೆಗರೇ."

"ಮೊದಲಿಂದಲೂ?"

"ಹೇಗೆ ಹೇಳುವುದು? ಹನ್ನೆರಡು ವರ್ಷ ಒಲೆಯ ಬಿಸಿಗೆ ಇಟ್ರೆ ವೈನೂ ಹುಳಿಯಾಗ್ತದೆ."

ಹಾಗಾದರೆ ಗಂಡ ಹೇಳಿದ್ದು ಸುಳ್ಳೋ, ಅಂಟಿಸಿದ ಚೀಟಿ ಸುಳ್ಳೋ? ಅವಳು ಸ್ಟೂಲಿನಿಂದ ಇಳಿದಳು. ಬಾಟಲಿ ಕಸಿದುಕೊಂಡು ನಲ್ಲಿಯ ಕೆಳಗೆ ಹಿಡಿದಳು. ಚೀಟಿ ನೆನೆದು ಜಾರಿತು. ಕೆಳಗೆ ಹಳದಿಯಾದ ಕಾಗದ, ಒಂದು ಕೋಟೆಯ ಚಿತ್ರ, ಮತ್ತೆ 1986.

ಲೆಸ್ಲಿ ಮೆಲ್ಲಗೆ ಶಿಲುಬೆಯ ಗುರುತು ಹಾಕಿಕೊಂಡ. "ನಿಜವೇ ಆಂಟಿ. ಹೊರಗೆ ಹೇಳ್ಲಾ?"

ಅಷ್ಟರಲ್ಲಿ ಹನ್ನೆರಡು ವರ್ಷ ಆನ್ಸೆಲ್ಮನ ಬಂಗಲೆಯನ್ನು ಗೇಲಿ ಮಾಡಿದ ಜೋವಿನ್ ಬಾಗಿಲಿಗೆ ಬಂದು ಖಾಲಿ ತಟ್ಟೆ ಚಾಚಿದ. "ಎಲ್ಜಿ ಬಾಯಿ, ಇಂಥ ಇಂದಾದ್ ನಾನು ಜನ್ಮದಲ್ಲಿ ತಿಂದಿಲ್ಲ. ಸ್ವಲ್ಪ ಉಂಟಾ?"

"ಬಡಿಸು ಜರ್ಟ್ರೂಡ್," ಎಂದಳು ಎಲಿಜಬೆತ್, ಬಾಟಲಿಯನ್ನು ಸೆರಗಿನ ಮರೆಗೆ ಎಳೆದುಕೊಳ್ಳುತ್ತ.

ಅವನು ಅತ್ತ ಹೋದ ಮೇಲೆ ಒದ್ದೆ ಚೀಟಿಯನ್ನು ಮೊದಲಿದ್ದಲ್ಲೇ ಇಟ್ಟು ಹೆಬ್ಬೆರಳಿನಿಂದ ಒತ್ತತೊಡಗಿದಳು. ಎಷ್ಟು ಒತ್ತಿದರೂ ಒಂದು ಮೂಲೆ ಮಾತ್ರ ಏಳುತ್ತಲೇ ಇತ್ತು.