ಸಿದ್ದಕ್ಕನ ಎಲೆಗುಡ್ಡೆ

ಕಟ್ಟೆಮಳಲವಾಡಿಯ ನಮ್ಮ ಬೀದೀಲಿ ಬೆಳಗಾಯ್ತು ಅಂತ ಕೋಳಿ ಕೂಗಿ ಹೇಳಬೇಕಾಗಿರಲಿಲ್ಲ. ಸಿದ್ದಕ್ಕ ಹಾಕೋ ಹೊಗೆಯೇ ಹೇಳ್ತಿತ್ತು. ಸಿದ್ದಕ್ಕ ಅಂದ್ರೆ ನನ್ನ ಪಕ್ಕದ ಮನೆ ಚಿಕ್ಕಸಿದ್ದಮ್ಮ. ಅವಳ ಮನೆ ಮುಂದೆ ಹೊಂಗೆ ಮರ, ಹಿತ್ತಲಲ್ಲಿ ಹಲಸಿನ ಮರ. ಶಿವರಾತ್ರಿ ಕಳೀತು ಅಂದ್ರೆ ಎಲೆ ಉದುರೋಕೆ ಶುರು. ಅವಳು ಗುಡಿಸಿ ಗುಡ್ಡೆ ಮಾಡೋದು, ಕಡ್ಡಿ ಗೀರೋದು, ನಾವೆಲ್ಲ ಕೆಮ್ಮೋದು. ನಾನು ಮಂಗಳಮ್ಮ, ಮಹಿಳಾ ಸಂಘದವಳು, ಬಾಯಿ ಸ್ವಲ್ಪ ಜೋರು. ಆದರೂ ಸಿದ್ದಕ್ಕನ ಮುಂದೆ ನನ್ನ ಬಾಯಿ ನಡೆಯೋದಿಲ್ಲ. ನನ್ನ ಎರಡು ಬಾಣಂತನವನ್ನೂ ಮಾಡಿದವಳು ಅವಳೇ.

ಈ ಸಲ ಅವಳ ಮಗಳು ಸಂಘಮಿತ್ರ ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಮುಖವೆಲ್ಲ ಬಿಳುಚಿಕೊಂಡಿತ್ತು. ನಾಲ್ಕು ಹೆಜ್ಜೆ ನಡೆದ್ರೆ ಕೂತ್ಕೊಳ್ಳೋಳು. ಪರೀಕ್ಷೆ ಮಾಡಿದ ನರ್ಸಮ್ಮ, ಮೈಯಲ್ಲಿ ರಕ್ತ ತುಂಬ ಕಮ್ಮಿ ಇದೆ, ಕಬ್ಬಿಣದ ಮಾತ್ರೆ ತಪ್ಪಿಸಬೇಡಿ, ದಿನಾ ಸೊಪ್ಪು ತರಕಾರಿ ಕೊಡಿ, ಹಿಂಗೇ ಬಿಟ್ರೆ ಹೆರಿಗೆ ಹೊತ್ತಿಗೆ ಜೀವಕ್ಕೇ ಕಷ್ಟ ಅಂತ ನೇರವಾಗಿ ಹೇಳಿ ಹೋದ್ರು. ಮಾತ್ರೆಯೇನೋ ಅವರೇ ಕೊಟ್ರು. ದಿನಾ ಸೊಪ್ಪು ಎಲ್ಲಿಂದ ಬರಬೇಕು? ಸಂತೇಲಿ ತಂದದ್ದು ಮಾರನೇ ದಿನಕ್ಕೆ ಬಾಡುತ್ತೆ. ಅವರಿಗೆ ಹೊಲ ಇಲ್ಲ. ಹಿತ್ತಲಿದೆ, ಆದರೆ ಹಾರೆ ಹಾಕಿದ್ರೆ ಠಣ್ ಅನ್ನೋ ಕಲ್ಲುನೆಲ.

ಆವತ್ತು ಸಂಜೆ ಸಿದ್ದಕ್ಕ ಜಗುಲಿ ಮೇಲೆ ಸೆರಗಲ್ಲಿ ಮುಖ ಮುಚ್ಕೊಂಡು ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ನೆಲ ಅಗೆಯೋದೇ ಬೇಡ, ನೀನು ದಿನಾ ಸುಡ್ತೀಯಲ್ಲ ಆ ಎಲೆ, ಅದರ ಗುಡ್ಡೆ ಮೇಲೇ ಬೆಳೆಯೋಣ ಅಂದೆ. ಸರಗೂರಲ್ಲಿ, ನನ್ನ ತವರಲ್ಲಿ, ಅತ್ತಿಗೆ ಹಂಗೇ ಬೆಳೀತಾಳೆ ಅಂತಲೂ ಹೇಳಿದೆ. ಸಿದ್ದಕ್ಕ ನನ್ನ ಅಡಿಯಿಂದ ಮುಡಿವರೆಗೆ ನೋಡಿದಳು.

“ತಿಪ್ಪೆ ಮ್ಯಾಲೆ ಬೆಳ್ದಿದ್ನ ಬಸ್ರಿ ಎಂಗ್ಸಿಗೆ ಇಕ್ಕು ಅಂತೀಯಲ್ಲ, ನಿಂಗೆ ತಲೆ ನೆಟ್ಟಗದಾ?”

“ದೀಪಾವಳೀಲಿ ಅದೇ ತಿಪ್ಪೆ ಮ್ಯಾಲೆ ದೀಪ ಮಡಗಿ ಕೈ ಮುಗಿತೀಯಲ್ಲಕ್ಕ, ಆಗ ಗಲೀಜು ಅನ್ನಿಸಾಕಿಲ್ವಾ?” ಅಂದೆ.

ಪಕ್ಕದಲ್ಲೇ ಎಲೆ ಅಡಿಕೆ ಮೆಲ್ತಿದ್ದ ಅವಳ ಗಂಡ ಚಿಕ್ಕಮಾದಯ್ಯ, ತಿಪ್ಪೆ ಮೇಲಿನ ಕುಂಬಳಗಿಡ ಯಾರನ್ನ ಕೇಳಿ ಹುಟ್ಟುತ್ತೆ ಅಂತ ನಕ್ಕ. ಹಾವು ಸೇರಿಕೊಂಡ್ರೆ ಏನು ಗತಿ ಅಂತ ಸಿದ್ದಕ್ಕ ಇನ್ನೊಂದು ತಕರಾರು ತೆಗೆದಳು. ಆ ಭಯ ಸುಳ್ಳಲ್ಲ. ಗುಡ್ಡೆ ಗೋಡೆಯಿಂದ ದೂರ ಇರಲಿ, ತುಳಿದು ಗಟ್ಟಿ ಮಾಡು, ಕೈ ಹಾಕೋ ಮುಂಚೆ ಕೋಲಾಡಿಸು ಅಂದೆ. ಕೊನೆಗೆ, “ಮಗೀಗೋಸ್ಕರ ನೋಡಾನ ಬುಡು” ಅಂದಳು.

ಮಾರನೇ ದಿನವೇ ಶುರುಮಾಡಿದ್ವಿ. ಹಿತ್ತಲಲ್ಲಿ ಬಿಸಿಲು ಬೀಳೋ ಜಾಗ ನೋಡಿ, ಸುತ್ತ ಕಲ್ಲು ಜೋಡಿಸಿ, ಒಳಗೆ ಒಂದು ವರಸೆ ಎಲೆ ಹಾಕಿ, ಮೇಲೆ ಸಗಣಿ ನೀರು ಚಿಮುಕಿಸಿ, ತುಳಿದು, ಮತ್ತೆ ಎಲೆ. ಗುಟ್ಕಾ ಚೀಟಿ, ಪ್ಲಾಸ್ಟಿಕ್ಕು ಕಂಡಲ್ಲೆಲ್ಲ ಆರಿಸಿ ಎಸೆದೆವು. ಬೀದಿಯವರು ಗುಡಿಸಿದ ಎಲೆಯೆಲ್ಲ ಸೇರಿ ಸೊಂಟದ ಮಟ್ಟ ಬಂತು. ಬೀಜ ಇವತ್ತೇ ಹಾಕ್ತೀನಿ ಅಂತ ಸಿದ್ದಕ್ಕ ಹಠ ಮಾಡಿದಳು. ತಡಿಯಕ್ಕ, ಗುಡ್ಡೆ ಒಳಗೆ ಕಾವು ಏರುತ್ತೆ, ಬೇರು ಬೆಂದುಹೋಗುತ್ತೆ ಅಂದೆ. ಆಮೇಲೆ ದಿನಾ ಒಂದು ಕೋಲು ತೂರಿಸಿ, ಈಚೆ ತೆಗೆದು ಮುಟ್ಟಿ ನೋಡೋಳು, ಜ್ವರ ಬಂದ ಮಗೂನ ಹಣೆ ಮುಟ್ಟಿದ ಹಾಗೆ.

ಕೋಲು ತಣ್ಣಗೆ ಬಂದ ಮೇಲೆ ಅಲ್ಲಲ್ಲಿ ಹಿಡಿ ಗಾತ್ರದ ಕುಣಿ ಮಾಡಿ, ಮಣ್ಣು ಗೊಬ್ಬರ ತುಂಬಿ, ಅಂಚಿಗೆ ಕುಂಬಳ, ಸೋರೆ ಬೀಜ ಹಾಕಿದ್ವಿ. ನಡುವೆ ಟೊಮೆಟೊ, ಮೆಣಸಿನ ಪೈರು ನೆಟ್ಟೆವು. ಉಳಿದ ಕಡೆ ತೆಳ್ಳಗೆ ಮಣ್ಣು ಹರಡಿ ದಂಟಿನ ಬೀಜ ಉದುರಿಸಿದ್ವಿ. ನೀರಿಗೆ ಅಕ್ಕಿ ತೊಳೆದದ್ದು, ತರಕಾರಿ ತೊಳೆದದ್ದು ಸಾಕಾಯ್ತು. ಸೋಪಿನ ನೀರು ಮಾತ್ರ ಹಾಕಲಿಲ್ಲ.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ದಂಟು ಕೀಳೋ ಹಾಗಾಯ್ತು. ಚೆನ್ನಾಗಿ ತೊಳೆದು ಸಿದ್ದಕ್ಕ ಮೊದಲ ಬಸ್ಸಾರು ಮಾಡಿದಳು. ಸಂಘಮಿತ್ರ ಪಲ್ಯ ಇನ್ನೊಂದು ಚೂರು ಇಕ್ಕವ್ವ ಅಂದಾಗ ಇವಳು ತಿರುಗಿ ಕಣ್ಣೊರೆಸಿಕೊಂಡಳು. ಆಮೇಲಿಂದ ಗುಡ್ಡೆ ಮೇಲೆ ಅವಳಿಗೆ ಮೋಹ ಹತ್ತಿತು. ಗಿಡಗಳ ಜೊತೆ ಮಾತಾಡೋಳು, ಕೋಳಿ ಬಂದ್ರೆ ಬಯ್ಯೋಳು.

ಅಷ್ಟರಲ್ಲಿ ಟೊಮೆಟೊ ಎಲೆ ಮುರುಟಿಕೊಂಡವು. ಮೆಣಸಿನ ಎಲೆ ಮೇಲೆ ಹಳದಿ ಹಸಿರು ಮಚ್ಚೆ. ಒಂದು ಬೆಳಗ್ಗೆ ಬೆಂಕಿಪೊಟ್ಟಣ ಹಿಡಿದು ನಿಂತಿದ್ದಳು ಸಿದ್ದಕ್ಕ. ತಿಪ್ಪೆ ಬುದ್ಧಿ ತೋರಿಸ್ತು, ಈ ರೋಗ ನನ್ನ ಮಗಳಿಗೂ ತಗುಲುತ್ತೆ, ಎಲ್ಲಾ ಸುಡ್ತೀನಿ ಅಂತಿದ್ದಳು. ಗಿಡದ ಈ ರೋಗ ಮನುಷ್ಯರಿಗೆ ಬರಲ್ಲ ಕಣಕ್ಕ ಅಂದೆ. ಕುಂಬಳದ ಬಳ್ಳಿ ನೋಡು, ದಂಟು ನೋಡು, ಅವಕ್ಕೇನೂ ಆಗಿಲ್ಲ. ಗುಡ್ಡೆ ಕೆಟ್ಟಿದ್ರೆ ಅವೂ ಕೆಡಬೇಕಿತ್ತಲ್ವಾ? ಈ ಟೊಮೆಟೊ, ಮೆಣಸಿಗೆ ಏನಾದ್ರೂ ಹಾಕಿದ್ದೀರಾ ಅಂತ ಕೇಳಿದೆ.

ಚಿಕ್ಕಮಾದಯ್ಯ ತಲೆ ಕೆರ್ಕೊಂಡು ಈಚೆ ಬಂದ. ಅವನು ಹೊಗೆಸೊಪ್ಪು ಬೇಯಿಸೋ ಬ್ಯಾರನ್ನಲ್ಲಿ ಕೂಲಿಗೆ ಹೋಗೋನು. ಹುಳ ಬರದೇ ಇರಲಿ ಅಂತ ಬ್ಯಾರನ್ನಿನ ಸೊಪ್ಪಿನ ಪುಡಿ ತಂದು ಯಾರಿಗೂ ಹೇಳದೆ ಗಿಡದ ಬುಡಕ್ಕೆ ಹಾಕಿದ್ದ.

“ಮಗ್ಳು ತಿನ್ನೋ ಸೊಪ್ಗೆ ಔಷ್ದಿ ಒಡೀಬಾರ್ದು ಅಂತ ಅಂಗ್ ಮಾಡ್ದೆ ಕಣವ್ವ” ಅಂದ.

ಪಾಪ, ಅವನ ಪ್ರೀತಿಗೆ ಏನನ್ನೋದು? ಹೊಗೆಸೊಪ್ಪಿನ ಸಸಿಮಡಿ ಹತ್ತಿರ ಟೊಮೆಟೊ ಹಾಕಬೇಡಿ ಅಂತಾರಲ್ಲ, ಹೊಗೆಸೊಪ್ಪನ್ನ ಟೊಮೆಟೊ ಹತ್ತಿರ ತಂದ್ರೂ ಅದೇ ಗತಿ ಅಂದೆ. ಟೊಮೆಟೊ, ಮೆಣಸು, ಹೊಗೆಸೊಪ್ಪು ಮೂರೂ ಒಂದೇ ಕುಲದವು. ಒಂದರ ರೋಗ ಒಂದಕ್ಕೆ ಅಂಟುತ್ತೆ. ಒಣಗಿದ ಪುಡಿಯಲ್ಲೂ ಇರುತ್ತೆ, ಹೊಗೆಸೊಪ್ಪು ಮುಟ್ಟಿದ ಕೈಯಲ್ಲೂ ಬರುತ್ತೆ. ಚಿಕ್ಕಮಾದಯ್ಯ ಹಣೆ ಚಚ್ಚಿಕೊಂಡ. ಪುಡಿ ಬಿದ್ದ ಜಾಗ ಕೆದರಿ ಹೊರಗೆ ಹಾಕಿದ್ವಿ. ರೋಗದ ಗಿಡ ಕಿತ್ತು ದೂರ ಒಯ್ದು ಸುಟ್ಟೆವು. ಅಲ್ಲಿ ಹೀರೆ ಬೀಜ ಹಾಕಿದ್ವಿ. ಆವತ್ತಿಂದ ಬ್ಯಾರನ್ನಿಂದ ಬಂದವನು ಸೋಪು ಹಾಕಿ ಕೈ ತೊಳೆಯದೆ ಹಿತ್ತಲಿಗೆ ಕಾಲಿಡಂಗಿಲ್ಲ, ಸಿದ್ದಕ್ಕನ ಅಪ್ಪಣೆ.

ಸಂಘಮಿತ್ರ ಮಾತ್ರೆಯನ್ನೂ ಬಿಡಲಿಲ್ಲ, ಸೊಪ್ಪನ್ನೂ ಬಿಡಲಿಲ್ಲ. ಬರಬರ್ತಾ ರಕ್ತ ಏರ್ತು, ನರ್ಸಮ್ಮನ ಮುಖದಲ್ಲೂ ನಗು ಬಂತು. ಮುಂಗಾರು ಹಿಡಿದಾಗ ಹುಣಸೂರಿನ ಆಸ್ಪತ್ರೇಲಿ ಹೆರಿಗೆಯಾಯ್ತು. ತಾಯಿ ಮಗು ಇಬ್ಬರೂ ಕ್ಷೇಮ.

ಮೊನ್ನೆ ಬೆಳಗ್ಗೆ ನನ್ನ ಅಂಗಳ ಗುಡಿಸ್ತಿದ್ದೆ. ಮೊಮ್ಮಗಳನ್ನ ಎತ್ಕೊಂಡು ಸಿದ್ದಕ್ಕ ಗೋಡೆ ಮೇಲಿಂದ ಬಗ್ಗಿದಳು. “ಆ ಎಲೆ ಬುಟ್ಟಿಗಾಕಿ ಈಚೆ ಕೊಡು. ಈ ಮಗೀಗೂ ನಾಳೆ ಅಲ್ಲು ಬತ್ತವೆ, ಉಣ್ಣಬ್ಯಾಡ್ವಾ?”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆ ಮುಂದೆಯೂ ಎಲೆ ಬಿದ್ದಿರುತ್ತೆ. ನಾಳೆ ಕಡ್ಡಿ ಗೀರೋ ಮುಂಚೆ ಒಂದು ಗಳಿಗೆ ಕೈ ತಡೀರಿ. ನೀವು ಸುಡೋಕೆ ಹೊರಟಿರೋದು ಕಸ ಅಲ್ಲ, ನಿಮ್ಮ ಮಗಳ ಊಟ.