ಚಿಕ್ಕಮ್ಮ ಮಡಚಿಹೋದ ಫೋಟೊ

ನಮ್ಮಣ್ಣನಿಗೆ ಏನಾದರೊಂದು ಹುಚ್ಚು ಹಿಡಿಯದಿದ್ದರೆ ತಿಂದ ಅನ್ನ ಜೀರ್ಣವಾಗುವುದಿಲ್ಲ. ಈ ಸಲ ಕ್ಯಾನ್ವಾಸು. ಮನೆಯ ಪ್ರಿಂಟರಿಗೆ ಹಾಕುವಂಥ ಬಟ್ಟೆಯ ಶೀಟು ತರಿಸುವುದು, ಅದರ ಮೇಲೆ ಫೋಟೊ ಪ್ರಿಂಟ್ ತೆಗೆಯುವುದು, ಮರದ ಚೌಕಟ್ಟಿಗೆ ಬಿಗಿದು ಕಲಾಕೃತಿ ಅಂತ ಗೋಡೆಗೆ ನೇತುಹಾಕುವುದು. ಮೊದಲನೇ ಶೀಟನ್ನೇ ಉಲ್ಟಾ ಹಾಕಿ ಅತ್ತಿಗೆಯ ಮುಖವನ್ನೆಲ್ಲ ಮಸಿ ಮಾಡಿಟ್ಟ. ಅವಳು, ಪಾಪ, "ಚೆನ್ನಾಗಿದೆ ರೀ" ಅಂದಳು. ಆ ಮನೆಯಲ್ಲಿ ಬೇರೆ ಉತ್ತರ ನಡೆಯುವುದಿಲ್ಲ.

ಏನಾದರೂ ಮಾಡಿಕೊಳ್ಳಲಿ ಅಂತ ಸುಮ್ಮನಿದ್ದರೆ, ಅವನ ಕಣ್ಣು ನಮ್ಮ ಮನೆಮಂದಿಯ ಹಳೇ ಫೋಟೊ ಮೇಲೆ ಬಿತ್ತು. ಅದರಲ್ಲಿ ಬಲತುದಿಗೆ ಅಣ್ಣ, ಎಡತುದಿಗೆ ಅಮ್ಮನ ಹೆಗಲ ಮೇಲೆ ಕೈಯಿಟ್ಟು ನಿಂತ ಚಿಕ್ಕಮ್ಮ. ಅಮ್ಮ ಹಾಸಿಗೆ ಹಿಡಿದಾಗ ನಮಗೆ ಉಣಿಸಿ, ತಲೆ ಬಾಚಿ, ದೊಡ್ಡವರನ್ನು ಮಾಡಿದವಳು ಅವಳೇ. ಆದರೂ ಅಣ್ಣನ ಮನೆಯ ಗೋಡೆಯ ಮೇಲೆ ಅವಳದೊಂದು ಚಿತ್ರ ಇರಲಿಲ್ಲ. "ಹಾಲ್‌ನಲ್ಲೇ ಹಾಕ್ತಾನಂತೆ ಕಣೇ, ನಾನೂ ಇದೀನಂತೆ" ಅಂತ ನನಗೆ ಫೋನು ಮಾಡಿ ಮಗುವಿನ ಹಾಗೆ ಹಿಗ್ಗಿದಳು. ಇಸ್ತ್ರಿ ಮಾಡಿದ ಸೀರೆ ಉಟ್ಟು, ನನ್ನನ್ನೂ ಕರೆದುಕೊಂಡು ನೋಡಲು ಹೊರಟಳು.

ಹೋಗಿ ನೋಡಿದರೆ ಎಲ್ಲರೂ ಇದ್ದೇವೆ, ಚಿಕ್ಕಮ್ಮ ಇಲ್ಲ. ಅಮ್ಮನ ಹೆಗಲ ಮೇಲೆ ಯಾರದೋ ಒಂದು ಕೈ. ಚೌಕಟ್ಟಿಗೆ ಸುತ್ತಿ ಹಿಂದಕ್ಕೆ ಮಡಚಲು ಖಾಲಿ ಅಂಚು ಬಿಡಬೇಕೆಂಬುದು ಆ ಮಹಾನುಭಾವನಿಗೆ ಹೊಳೆದೇ ಇಲ್ಲ. ಶೀಟಿನ ತುಂಬ ಫೋಟೊ ಒತ್ತಿದ್ದಾನೆ. ಬಲಗಡೆ ಒಂದು ಚೂರು ಗೋಡೆ ಮಡಚಿಹೋಗಿ ಅವನು ಬಚಾವಾಗಿದ್ದಾನೆ, ಎಡಗಡೆ ಚಿಕ್ಕಮ್ಮನೇ ಮಡಚಿಕೊಂಡು ಚೌಕಟ್ಟಿನ ಪಕ್ಕಕ್ಕೆ ಹೋಗಿದ್ದಾಳೆ.

"ಪಕ್ಕದಿಂದ ನೋಡು ಚಿಕ್ಕಮ್ಮ, ಕಾಣ್ತೀಯ" ಅಂದ, ಮಾನಗೆಟ್ಟವನು.

ಅವಳು ಗೋಡೆಗೆ ಕೆನ್ನೆ ತಾಗಿಸಿ ಇಣುಕಿದಳು. "ಹೌದಪ್ಪಾ, ಇದೀನಿ" ಅಂದಳು.

"ಇನ್ನೊಂದು ತೆಗಿ" ಅಂದೆ.

"ಶೀಟೆಲ್ಲ ಮುಗೀತು ಕಣೇ. ಒಬ್ಬರಿಗೋಸ್ಕರ ಮತ್ತೆ ತರಿಸೋಕಾಗುತ್ತಾ?"

ಒಬ್ಬರಿಗೋಸ್ಕರವಂತೆ! ಚಿತ್ರವನ್ನು ಕೆಳಗಿಳಿಸಿ, ಇಕ್ಕಳ ತಗೊಂಡು ಹಿಂದಿನ ಪಿನ್ನುಗಳನ್ನೆಲ್ಲ ಕಿತ್ತೆ. ಅವನು "ಏಯ್, ಏಯ್" ಅನ್ನುತ್ತಲೇ ಇದ್ದ. ಬಟ್ಟೆಯನ್ನು ಒಂದು ಬೆರಳಷ್ಟು ಬಲಕ್ಕೆ ಜರುಗಿಸಿ ಮತ್ತೆ ಬಿಗಿದೆ. ಚಿಕ್ಕಮ್ಮ ಮುಂದೆ ಬಂದಳು. ಅಣ್ಣ ಮೂಗಿನ ತನಕ ಮಡಚಿಕೊಂಡು ಪಕ್ಕಕ್ಕೆ ಹೋದ.

"ಥೂ, ಏನೇ ಇದು ಅಸಹ್ಯ! ಮನೆಗೆ ಬಂದವರು ಏನಂದುಕೊಳ್ತಾರೆ?" ಅಂತ ಒಳಗೆ ಓಡಿದ. ಬೀರು ತೆಗೆದ ಸದ್ದಾಯಿತು. ಹೊಸ ಶೀಟು ಹಿಡಿದುಕೊಂಡು ಹೊರಗೆ ಬಂದ.

"ಸುತ್ತ ಅಂಚು ಬಿಟ್ಟು ತೆಗೀತೀನಿ, ಎಲ್ಲರೂ ಬರ್ತೀವಿ" ಅಂದ.

ಚಿಕ್ಕಮ್ಮ ಅವನ ಕೈಯನ್ನೇ ನೋಡುತ್ತಿದ್ದಳು.

"ಶೀಟು ಇತ್ತಾ ಮಗಾ?" ಅಂದಳು.